ಶನಿವಾರದ ಬಟವಾಡೆ

ಚಿಕ್ಕಮಗಳೂರು
18 ಸೆಪ್ಟೆಂಬರ್ 2024

ಧನ್ಯಾಳಿಗೆ ಆಶೀರ್ವಾದಗಳು.

ಆಪರೇಷನ್ ಆದ ಎಡಗಾಲು ಈಗ ಮಡಚಲು ಬರುತ್ತಿದೆ. ವ್ಯಾಯಾಮ ಮಾಡಿಸುವ ಹುಡುಗಿ ದಿನಾ ಬೆಳಿಗ್ಗೆ ಬಂದು ಕಾಲು ಹಿಡಿದು ಎಳೆದಾಡಿ, ನಾನು ಬೈದಷ್ಟೂ ನಗುತ್ತಾ ಹೋಗುತ್ತಾಳೆ. ಡಿಸೆಂಬರಿನಲ್ಲಿ ಬಲಗಾಲಿನ ಸರದಿಯಂತೆ. ಅಲ್ಲಿಯವರೆಗೆ ಶಾಲಿನಿಯ ಮನೆಯ ಈ ಬಾಲ್ಕನಿಯೇ ನನ್ನ ಎಸ್ಟೇಟು. ಮಗಳ ಮನೆ ಎಂದು ಸುಮ್ಮನಿದ್ದೇನೆ. ನಿನ್ನ ಅತ್ತೆ ಮಾತ್ರ ನಾನು ಸುಮ್ಮನಿಲ್ಲ ಎನ್ನುತ್ತಾಳೆ.

ನೀನು ಫೋನಿನಲ್ಲಿ ಹೇಳಿದ್ದು ಒಂದಕ್ಷರವೂ ಕೇಳಿಸಲಿಲ್ಲ. ಕಿವಿಯ ಯಂತ್ರ ಹಾಕಿಕೊಂಡರೆ ಫೋನು ಶಿಳ್ಳೆ ಹೊಡೆಯುತ್ತದೆ, ತೆಗೆದರೆ ನೀನು ಪಿಸುಗುಟ್ಟಿದ ಹಾಗಾಗುತ್ತದೆ. ಇನ್ನು ಮೇಲೆ ಕಾಗದವೇ ಆಗಲಿ. ಬಣಕಲ್ ಬಸ್ಸಿನ ಕಂಡಕ್ಟರ್ ಧರ್ಮೇಶನ ಕೈಗೆ ಕೊಟ್ಟರೆ ಅಂಚೆಗಿಂತ ಬೇಗ ಬರುತ್ತದೆ.

ನಮ್ಮ ಕಂಪನಿಯ ಬ್ಯಾಲೆನ್ಸ್ ಶೀಟನ್ನು ಸಹಿಗೆ ಕಳಿಸಿದ್ದೀ. ತೋಟವನ್ನು ಕಂಪನಿ ಮಾಡಿ ಹನ್ನೆರಡು ವರ್ಷವಾಯಿತು. ಅಧ್ಯಕ್ಷ ಎಂದು ಆಡಿಟರು ಪೆನ್ಸಿಲಿನಲ್ಲಿ ಗುರುತು ಹಾಕಿದಲ್ಲಿ ಸಹಿ ಹಾಕುತ್ತಾ ಬಂದವನು ನಾನು. ಈ ಸಲ ಬೇರೆ ಕೆಲಸವಿಲ್ಲದೆ ಓದಿದೆ. ಓದಬಾರದಿತ್ತು.

ಮೊದಲನೆಯದಾಗಿ, ನನ್ನ ಜೀಪು. ಅದರ ಬೆಲೆ ಹನ್ನೊಂದು ಸಾವಿರದ ನಾನೂರು ರೂಪಾಯಿ ಎಂದು ಬರೆದಿದ್ದೀರಿ. ಆ ದುಡ್ಡಿಗೆ ಈಗ ಟಯರೂ ಸರಿಯಾಗಿ ಬರುವುದಿಲ್ಲ. ರಾಜೀವ ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಬಂದದ್ದು ಆ ಜೀಪಿನಲ್ಲಿ. ನೀನು ಮದುವೆಯಾಗಿ ಬಂದದ್ದೂ ಅದರಲ್ಲೇ, ಮರೆತಿಲ್ಲ ತಾನೆ? ಮೂಡಿಗೆರೆಯಲ್ಲಿ ಹೋಂಸ್ಟೇ ನಡೆಸುವ ದರ್ಶನ್ ಸಿಕ್ಕಾಗಲೆಲ್ಲ "ಗೌಡ್ರೇ, ಜೀಪು ಕೊಡ್ತೀರಾ" ಅಂತ ಕೇಳುತ್ತಾನೆ. "ಮೊದ್ಲು ನನ್ನನ್ನ ತಗಂಡು ಹೋಗು ಮಾರಾಯ" ಅಂತ ನಾನು ಹೇಳುತ್ತೇನೆ. ಅಂಥ ಜೀಪಿಗೆ ಈ ಬೆಲೆಯೇ?

ಎರಡನೆಯದು, ನಾನು ಕಂಪನಿಗೆ ಹಾಕಿದ ಬಂಡವಾಳವನ್ನು ಬ್ಯಾಂಕ್ ಸಾಲದ ಸಾಲಿನಲ್ಲಿ, ಹೊಣೆಗಳ ಕಡೆ ಬರೆದಿದ್ದೀರಿ. ಕಂಪನಿ ನನಗೆ ಸಾಲಗಾರನಾಯಿತೇ? ಕಂಪನಿ ಎಂದರೆ ನಾನಲ್ಲವೇ?

ಮೂರನೆಯದು ಸಂತೋಷದ ವಿಷಯ. ನಮ್ಮ ಖಾತೆಯಲ್ಲಿ ಐವತ್ತೆಂಟು ಲಕ್ಷ ಇದೆಯೆಂದು ಬ್ಯಾಂಕಿನವರು ಹೇಳಿದರು. ಇಷ್ಟು ಹಣವನ್ನು ಒಟ್ಟಿಗೆ ನಾನು ಕಂಡದ್ದಿಲ್ಲ. ಆದ್ದರಿಂದ ಒಂದು ತೀರ್ಮಾನ ಮಾಡಿದ್ದೇನೆ. ಸುಲಿದು ತೊಳೆದ ಕಾಫಿ ಬೀಜವನ್ನು ಕಣದಲ್ಲಿ ಹರಡಿ ಆಕಾಶ ನೋಡುತ್ತಾ ಕೂರುವ ಕಷ್ಟ ಇನ್ನು ಸಾಕು. ಇಲ್ಲಿ ಯಂತ್ರ ಮಾರುವ ಮೋಹಿತ್ ಎಂಬುವನ ಅಂಗಡಿಗೆ ಕೋಲೂರಿಕೊಂಡು ಹೋಗಿ ಬೀಜ ಒಣಗಿಸುವ ಡ್ರೈಯರ್ ನೋಡಿ ಬಂದೆ. ಇಪ್ಪತ್ತನಾಲ್ಕು ಲಕ್ಷ. ಒಂದು ಲಕ್ಷ ಮುಂಗಡ ಕೊಟ್ಟಿದ್ದೇನೆ. ಡಿಸೆಂಬರ್ ಮೊದಲ ವಾರ ಯಂತ್ರ ಬರುತ್ತದೆ, ಉಳಿದ ಹಣ ಆಗ ಕೊಡುವುದು. ಕಣದ ಪಕ್ಕದಲ್ಲಿ ಜಾಗ ಮಾಡಿಸಲು ರಾಜೀವನಿಗೆ ಹೇಳು.

ನಿನ್ನ ಮಾವ,
ರಂಗನಾಥ


ಬಣಕಲ್
22 ಸೆಪ್ಟೆಂಬರ್ 2024

ಮಾವನವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಧರ್ಮೇಶ ಬಸ್ಸು ನಿಲ್ಲಿಸಿ ಕೊಟ್ಟು ಹೋದ. ಓದಿ ಮೊದಲು ನಕ್ಕೆ, ಆಮೇಲೆ ಭಯವಾಯಿತು. ನಕ್ಕದ್ದರ ಕಾರಣ ಮೊದಲು ಹೇಳುತ್ತೇನೆ.

ಜೀಪಿಗೆ ಯಾರೂ ಅವಮಾನ ಮಾಡಿಲ್ಲ. ಕೊಂಡ ವಸ್ತು ಪ್ರತಿ ವರ್ಷ ಸ್ವಲ್ಪ ಸವೆಯುತ್ತದೆ ಎಂದು ಅದರ ಬೆಲೆಯಲ್ಲಿ ಒಂದಿಷ್ಟು ಕಳೆಯುತ್ತಾ ಬರುತ್ತಾರೆ. ಅದಕ್ಕೆ ಸವಕಳಿ ಎನ್ನುತ್ತಾರೆ. ಕಳೆದು ಕಳೆದು ಉಳಿದದ್ದು ಹನ್ನೊಂದು ಸಾವಿರ. ದರ್ಶನ್ ಎಷ್ಟು ಕೊಡುತ್ತಾನೆ ಎನ್ನುವುದು ಆ ಶೀಟಿಗೆ ಗೊತ್ತಿಲ್ಲ, ಮಾರಿದ ದಿನವೇ ಗೊತ್ತಾಗುವುದು.

ಬಂಡವಾಳದ ಮಾತು. ಕಾನೂನಿನ ಕಣ್ಣಿಗೆ ನೀವು ಬೇರೆ, ಕಂಪನಿ ಬೇರೆ. ನೀವು ಹಾಕಿದ ಹಣವನ್ನು ಕಂಪನಿ ನಿಮ್ಮಿಂದ ಪಡೆದಿದೆ, ಆದ್ದರಿಂದ ಅದು ಕಂಪನಿಯ ಹೊಣೆ. ಆ ಹಣದಲ್ಲಿ ಏನೇನು ಮಾಡಿತು ಎಂಬುದು ಇನ್ನೊಂದು ಕಡೆ, ಆಸ್ತಿಗಳ ಪಟ್ಟಿಯಲ್ಲಿ ಇರುತ್ತದೆ. ಎಲ್ಲಿಂದ ಬಂತು, ಎಲ್ಲಿ ಕೂತಿದೆ, ಇಷ್ಟೇ ಇಡೀ ಶೀಟು. ಅದಕ್ಕೇ ಎರಡೂ ಕಡೆ ಸಮ ಬರುವುದು.

ಇನ್ನು ಭಯದ ಮಾತು. ಆ ಶೀಟು ಮಾರ್ಚ್ ಮೂವತ್ತೊಂದನೇ ತಾರೀಕು ಒಂದು ದಿನ ತೆಗೆದ ಫೋಟೋ. ಅವತ್ತು ಗೋಡೌನು ತುಂಬಿತ್ತು, ಬ್ಯಾಂಕು ಬರಿದಾಗಿತ್ತು. ಈಗ ಗೋಡೌನು ಬರಿದು, ಬ್ಯಾಂಕು ತುಂಬಿದೆ. ನಮ್ಮ ಹಣ ಹೆಚ್ಚಾಗಿಲ್ಲ ಮಾವ. ಕಾಫಿ ಹಣವಾಗಿದೆ, ನವೆಂಬರಿನಿಂದ ಆ ಹಣ ಮತ್ತೆ ಕಾಫಿಯಾಗಬೇಕು. ಕೊಯ್ಲಿನ ಕೂಲಿ, ಅಕ್ಕಪಕ್ಕದ ಸಣ್ಣ ಬೆಳೆಗಾರರಿಂದ ಕೊಳ್ಳುವ ಕಾಫಿ ಹಣ್ಣು, ಡೀಸೆಲ್ಲು, ಎಲ್ಲಾ ಸೇರಿ ವಾರಕ್ಕೆ ಐದು ಲಕ್ಷವಾದರೂ ಬೇಕು. ಹನ್ನೆರಡು ವಾರದ ಕೊಯ್ಲಿಗೆ ಅರವತ್ತು ಲಕ್ಷ. ಹೀಗೆ ವರ್ಷಪೂರ್ತಿ ಸುತ್ತು ಹೊಡೆಯುವ ಹಣಕ್ಕೆ ದುಡಿಯುವ ಬಂಡವಾಳ ಎಂದು ಹೆಸರು. ಡ್ರೈಯರಿಗೆ ಹಾಕಿದ ಹಣ ಈ ಸುತ್ತಿಗೆ ಬೇಗ ಮರಳುವುದಿಲ್ಲ. ಯಂತ್ರ ಹದಿನೈದು ವರ್ಷ ದುಡಿದು ನಿಧಾನವಾಗಿ ಅದನ್ನು ಹಿಂದಕ್ಕೆ ಕೊಡುತ್ತದೆ. ಅಂಥದ್ದಕ್ಕೆ ನಿಧಾನವಾಗಿ ತೀರಿಸುವ ಸಾಲವೋ, ನಾವು ಉಳಿಸಿಟ್ಟ ಲಾಭವೋ ಆಗಬೇಕು. ಇನ್ನೆರಡು ತಿಂಗಳಲ್ಲಿ ಕೂಲಿಯವರ ಕೈಗೆ ಹೋಗಬೇಕಾದ ಹಣ ಆಗುವುದಿಲ್ಲ.

ಡ್ರೈಯರ್ ಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಯಾವ ಹಣದಿಂದ ಎನ್ನುವುದಷ್ಟೇ ನನ್ನ ತಕರಾರು. ದಯವಿಟ್ಟು ಈ ವರ್ಷ ಬೇಡವೆಂದು ಮೋಹಿತ್ ಅವರಿಗೆ ಹೇಳಿ.

ಹೆಚ್ಚು ಬರೆದಿದ್ದರೆ ಕ್ಷಮಿಸಿ. ಅತ್ತೆಗೆ ಕೆಸುವಿನ ಸೊಪ್ಪು ಕಳಿಸಿದ್ದೇನೆ.

ನಿಮ್ಮ ಸೊಸೆ,
ಧನ್ಯಾ


ಚಿಕ್ಕಮಗಳೂರು
27 ಸೆಪ್ಟೆಂಬರ್ 2024

ಧನ್ಯಾಳಿಗೆ,

ಶೀಟಿಗೆ ಸಹಿ ಹಾಕಿ ಕಳಿಸಿದ್ದೇನೆ. ನೀನು ಬಿ.ಕಾಂ. ಓದಿದವಳು, ನಿನ್ನ ಲೆಕ್ಕ ಸರಿಯೇ ಇರಬಹುದು. ಆದರೆ ನಾನು ಒಬ್ಬನಿಗೆ ಮಾತು ಕೊಟ್ಟಿದ್ದೇನೆ. ಬಣಕಲ್ ಕಡೆಯ ಗೌಡರು ಮಾತು ಕೊಟ್ಟು ಹಿಂದೆ ತೆಗೆದುಕೊಂಡರು ಎಂದು ಈ ಊರಿನಲ್ಲಿ ಯಾರೂ ಹೇಳಬಾರದು. ಬೆಲೆ ಬಂದ ವರ್ಷ ಪ್ಲಾಂಟರ್ ಆದವನು ಏನಾದರೂ ಕೊಂಡೇ ಕೊಳ್ಳುತ್ತಾನೆ. ನನ್ನಪ್ಪ ಲಾರಿ ಕೊಂಡರು, ನಾನು ಜೀಪು ಕೊಂಡೆ. ಯಾರೂ ಮುಳುಗಲಿಲ್ಲ.

ಯಂತ್ರ ಡಿಸೆಂಬರಿನಲ್ಲಿ ಬರುತ್ತದೆ. ಜಾಗ ಮಾಡಿಸು.

ರಂಗನಾಥ


ಬಣಕಲ್
13 ಅಕ್ಟೋಬರ್ 2024

ಮಾವನವರಿಗೆ ನಮಸ್ಕಾರ.

ಮೊನ್ನೆ ಆಯುಧಪೂಜೆ ಮಾಡಿದೆವು. ಜೀಪನ್ನು ರಾಜೀವ್ ತಾವೇ ತೊಳೆದರು, ನಾನು ಚೆಂಡು ಹೂವಿನ ಹಾರ ಹಾಕಿದೆ. ನೀವು ಇಲ್ಲದೆ ಸ್ಟಾರ್ಟ್ ಆಗಲು ಹಟ ಮಾಡಿತು. ಕಡೆಗೆ ಮೇಸ್ತ್ರಿ ಗುರುವಯ್ಯ ತಳ್ಳಿಸಿದರು. ಗೇಟಿನವರೆಗೆ ಹೋಗಿ ಬಂತು.

ನಿಮ್ಮ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದೆ ಇದ್ದುದು ಕೋಪದಿಂದಲ್ಲ. ಹೇಗೆ ಬರೆಯುವುದು ಎಂದು ತಿಳಿಯಲಿಲ್ಲ. ನಿಮ್ಮ ಮಾತಿನ ಬೆಲೆ ನನಗೆ ಗೊತ್ತು. ಮದುವೆಯಾಗಿ ಬಂದ ವರ್ಷ ಒಂದು ಶನಿವಾರ ನಿಮಗೆ ಸುಡುವ ಜ್ವರವಿತ್ತು. ಕಂಬಳಿ ಹೊದ್ದು ಕಣದ ಕಟ್ಟೆಯ ಮೇಲೆ ಕೂತು, ಹೆಸರು ಕರೆದು ಪ್ರತಿಯೊಬ್ಬರಿಗೂ ವಾರದ ಕೂಲಿ ಬಟವಾಡೆ ಮಾಡಿದಿರಿ. ಒಳಗೆ ಹೋಗಿ ಮಲಗಿ ಎಂದು ನಾನು ಹೇಳಿದ್ದಕ್ಕೆ, "ನನ್ನಪ್ಪನ ಕಾಲದಿಂದ ಒಂದು ಶನಿವಾರನೂ ತಪ್ಪಿಲ್ಲ ಕಣಮ್ಮ, ನಂಗೆ ಜ್ವರ ಬಂದ್ರೆ ಅವ್ರಿಗೆ ಹೊಟ್ಟೆ ಇರಲ್ವಾ" ಎಂದಿರಿ. ಆವತ್ತು ನನಗೆ ಈ ಮನೆಯ ಮೇಲೆ ಹೆಮ್ಮೆ ಹುಟ್ಟಿತು. ಕಾಲೇಜಿನಲ್ಲಿ ದುಡಿಯುವ ಬಂಡವಾಳದ ಮೇಲೆ ಒಂದು ಇಡೀ ಪಾಠ ಓದಿದ್ದೆ. ಅರ್ಥವಾದದ್ದು ಆ ಕಟ್ಟೆಯ ಹತ್ತಿರ.

ಈ ಕಾಗದದ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ನವೆಂಬರ್ ನಡುವಿನಿಂದ ಕೊಯ್ಲು ಮುಗಿಯುವವರೆಗಿನ ಶನಿವಾರಗಳನ್ನು ಬರೆದಿದ್ದೇನೆ. ಡ್ರೈಯರಿಗೆ ಕೊಟ್ಟ ಮೇಲೆ ಉಳಿಯುವ ಹಣಕ್ಕೆ ಬ್ಯಾಂಕಿನವರು ಕೊಡುವ ಹತ್ತು ಲಕ್ಷದ ಓವರ್‌ಡ್ರಾಫ್ಟನ್ನೂ ಸೇರಿಸಿದ್ದೇನೆ. ಆದರೂ ಎಲ್ಲ ಶನಿವಾರಕ್ಕೂ ಸಾಲುವುದಿಲ್ಲ. ಯಾವ ಶನಿವಾರ ಕಟ್ಟೆಯ ಮೇಲೆ ಕೂತು ಬಟವಾಡೆ ಇಲ್ಲ ಎಂದು ಹೇಳಬೇಕು, ನೀವೇ ಗುರುತು ಹಾಕಿ ಕಳಿಸಿ. ಹಾಗೆಯೇ ಹೇಳುತ್ತೇನೆ. ಡ್ರೈಯರಿಗೆ ಜಾಗವನ್ನೂ ಮಾಡಿಸುತ್ತೇನೆ.

ನಿಮ್ಮ ಸೊಸೆ,
ಧನ್ಯಾ


ಚಿಕ್ಕಮಗಳೂರು
24 ಅಕ್ಟೋಬರ್ 2024

ಚಿರಂಜೀವಿ ಧನ್ಯಾಳಿಗೆ,

ನಿನ್ನ ಹಾಳೆಯನ್ನು ವಾಪಸು ಕಳಿಸುತ್ತಿಲ್ಲ. ಅದರಲ್ಲಿ ಯಾವ ಗುರುತೂ ಇಲ್ಲ.

ನಾಲ್ಕು ದಿನ ಪೆನ್ಸಿಲ್ ಹಿಡಿದು ಕೂತೆ. ಡಿಸೆಂಬರಿನ ಯಾವುದಾದರೂ ಶನಿವಾರ ಎಂದುಕೊಂಡರೆ ಆಗ ಅರೇಬಿಕಾ ಗಿಡದ ಮೈತುಂಬಾ ಹಣ್ಣಿರುತ್ತದೆ, ಕೂಲಿ ಸಿಗದ ಜನ ಪಕ್ಕದ ತೋಟಕ್ಕೆ ಹೋದರೆ ಹಣ್ಣು ನೆಲಕ್ಕೆ ಬೀಳುತ್ತದೆ. ಜನವರಿ ಎಂದುಕೊಂಡರೆ ಸಂಕ್ರಾಂತಿ. ಸಂಕ್ರಾಂತಿಯ ವಾರ ಬರಿಗೈಯಲ್ಲಿ ಕಳಿಸುವುದೇ? ನಿನ್ನ ಅತ್ತೆ ಹಾಳೆಯನ್ನು ಇಣುಕಿ ನೋಡಿ, "ಇದ್ರಲ್ಲಿ ಬರೆಯಾಕೆ ಅಷ್ಟೊಂದು ಏನಿದೆ, ಗೊತ್ತಿರೋದನ್ನ ಒಪ್ಕಳಾಕೆ ಇಷ್ಟು ದಿನ ಬೇಕಾ" ಎಂದು ಒಳಗೆ ಹೋದಳು. ಅವಳಿಗೆ ನಿನ್ನ ಪಕ್ಷ ವಹಿಸುವುದು ಯಾವಾಗಲೂ ಸುಲಭ.

ನಿನ್ನೆ ಮೋಹಿತನ ಅಂಗಡಿಗೆ ಹೋದೆ. ಮೆಟ್ಟಿಲು ಹತ್ತುವಾಗ ಕಾಲಿಗಿಂತ ಮನಸ್ಸು ಭಾರವಾಗಿತ್ತು ಎಂದು ನಿನ್ನ ಹತ್ತಿರ ಹೇಳಲು ನನಗೆ ನಾಚಿಕೆಯಿಲ್ಲ. ಯಂತ್ರ ಈ ವರ್ಷ ಬೇಡ ಎಂದೆ. ಅವನು ಒಳ್ಳೆಯ ಹುಡುಗನೇ, ನಯವಾಗಿ ಕೇಳಿದ. "ಯಾಕೆ ಗೌಡ್ರೇ, ಬ್ಯಾಂಕಲ್ಲಿ ಹಣ ಇದೆ ಅಂದಿದ್ರಲ್ಲ?"

"ಇದೆ ಮಾರಾಯ. ಆದ್ರೆ ಅದು ಶನಿವಾರದ್ದು."

ಅವನಿಗೆ ಅರ್ಥವಾಗಲಿಲ್ಲ. ಕುರ್ಚಿ ಎಳೆದು ಕೂತು, ನೀನು ನನಗೆ ಬರೆದದ್ದನ್ನೆಲ್ಲ ಅವನಿಗೆ ಹೇಳಿದೆ. ಕಾಫಿ ಹಣವಾಗುವುದು, ಹಣ ಕಾಫಿಯಾಗುವುದು, ಫೋಟೋ, ಸುತ್ತು, ಎಲ್ಲವನ್ನೂ. ಹೇಳುತ್ತಾ ಹೇಳುತ್ತಾ ನನಗೇ ಇನ್ನಷ್ಟು ತಿಳಿಯುತ್ತಾ ಹೋಯಿತು. ಮುಂಗಡವನ್ನು ಮುಂದಿನ ವರ್ಷಕ್ಕೆ ಹಾಗೇ ಇಟ್ಟುಕೊಳ್ಳುತ್ತೇನೆ ಎಂದ. ಹೊರಡುವಾಗ, ಈ ಲೆಕ್ಕ ಯಾರು ಹೇಳಿಕೊಟ್ಟರು ಎಂದು ಕೇಳಿದ. ಸೊಸೆ ಎಂದೆ. ಆ ಮಾತು ಹೇಳುವಾಗ ನನ್ನ ಬೆನ್ನು ನೆಟ್ಟಗಾದದ್ದು ನನಗೇ ಗೊತ್ತಾಯಿತು.

ನಿನ್ನನ್ನು ಆ ಮನೆಗೆ ತರುವಾಗ ಒಳ್ಳೆಯ ಮನೆತನದ ಹುಡುಗಿ, ನಯವಿನಯ ಇದೆ ಎಂದಷ್ಟೇ ನೋಡಿದ್ದೆವು. ನನ್ನಂಥವನಿಗೆ ಬೇಡ ಎನ್ನುವ ಧೈರ್ಯ ಇರುವವಳು ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಎರಡು ವರ್ಷ ಮೊದಲೇ ತರುತ್ತಿದ್ದೆ.

ಇನ್ನು ಮೇಲೆ ವರ್ಷಕ್ಕೊಂದು ಶೀಟು ನನಗೆ ಸಾಲದು. ತಿಂಗಳಿಗೊಂದು ಸಣ್ಣದು ಮಾಡಿ ಕಳಿಸು. ಓದಲು ಕಲಿಯುತ್ತೇನೆ.

ನಿನ್ನ ಮಾವ,
ರಂಗನಾಥ


ಬಣಕಲ್
6 ಜನವರಿ 2025

ಮಾವನವರಿಗೆ ನಮಸ್ಕಾರ.

ಬಲಗಾಲಿನ ಆಪರೇಷನ್ ಚೆನ್ನಾಗಿ ಆಯಿತೆಂದು ಶಾಲಿನಿ ಹೇಳಿದರು. ನಾವು ಯಾರೂ ಬರಲಾಗಲಿಲ್ಲ, ಕೊಯ್ಲಿನ ಮಧ್ಯೆ ಕಣ ಬಿಟ್ಟು ಬರುವ ಹಾಗಿಲ್ಲ ಎಂದು ನೀವೇ ಹೇಳಿ ಕಳಿಸಿದಿರಿ. ಆದರೂ ಮನಸ್ಸಿಗೆ ಸಮಾಧಾನವಿಲ್ಲ.

ಇಲ್ಲಿ ಎಲ್ಲ ಚೆನ್ನಾಗಿದೆ. ಡಿಸೆಂಬರಿನಲ್ಲಿ ಎರಡು ದಿನ ಮೋಡ ಕಟ್ಟಿ ಮಳೆ ಹುಯ್ದಾಗ ಕಣದಲ್ಲಿದ್ದ ಬೀಜವನ್ನು ಟಾರ್ಪಾಲಿನ ಕೆಳಗೆ ಮುಚ್ಚಿಟ್ಟೆವು. ಒಂದು ಲಾಟಿನ, ಅಂದರೆ ಒಟ್ಟಿಗೆ ಒಣಗಿಸುತ್ತಿದ್ದ ಒಂದು ರಾಶಿಯ, ಬಣ್ಣ ಸ್ವಲ್ಪ ಕೆಟ್ಟಿತು. ಡ್ರೈಯರ್ ಬೇಕು ಎಂದ ನಿಮ್ಮ ಮಾತು ನಿಜವೆಂದು ಆ ಎರಡು ದಿನ ಟಾರ್ಪಾಲು ಎಳೆದಾಡಿದ ಎಲ್ಲರಿಗೂ ಅನ್ನಿಸಿತು, ಎಲ್ಲರಿಗಿಂತ ಹೆಚ್ಚಾಗಿ ನನಗೆ. ಹಣ್ಣಿನ ಬೆಲೆ ಈ ವರ್ಷ ಒಂದೇ ಸಮನೆ ಏರಿದೆ. ಸಣ್ಣ ಬೆಳೆಗಾರರಿಗೆಲ್ಲ ಖುಷಿ. ನಮ್ಮಲ್ಲಿ ಅಳೆದ ದಿನವೇ ಹಣ ಸಿಗುತ್ತದೆ ಎಂದು ಈ ಸಲ ಕೊಟ್ಟಿಗೆಹಾರದ ಕಡೆಯಿಂದಲೂ ಹಣ್ಣು ಬರುತ್ತಿದೆ.

ಒಣಗಿದ ಮೊದಲ ಲಾಟನ್ನು ಮಾರಿದ್ದೇವೆ. ಗುರುವಯ್ಯ ನಿಮ್ಮನ್ನು ಕೇಳುತ್ತಲೇ ಇರುತ್ತಾರೆ. ನೀವು ಕಾಲಿನ ಕಡೆ ಗಮನ ಕೊಡಿ, ಇಲ್ಲಿಯದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಎಲ್ಲ ಚೆನ್ನಾಗಿದೆ.

ಡಿಸೆಂಬರ್ ಕೊನೆಯ ಶೀಟು ಜೊತೆಗಿದೆ. ಸುಸ್ತಾಗಿದ್ದರೆ ಈಗಲೇ ಓದಬೇಕೆಂದಿಲ್ಲ.

ನಿಮ್ಮ ಸೊಸೆ,
ಧನ್ಯಾ


ಚಿಕ್ಕಮಗಳೂರು
13 ಜನವರಿ 2025

ಧನ್ಯಾ,

ಎಲ್ಲ ಚೆನ್ನಾಗಿದೆ ಎಂದು ಎರಡು ಸಲ ಬರೆದಿದ್ದೀ. ಒಂದು ಸಲ ಬರೆದಿದ್ದರೆ ನಂಬುತ್ತಿದ್ದೆ.

ಕಾಗದ ಮಡಚಿಟ್ಟು ಶೀಟು ತೆಗೆದೆ. ಬ್ಯಾಂಕಿನಲ್ಲಿ ಒಂಬತ್ತು ಲಕ್ಷ ಉಳಿದಿದೆ. ಓವರ್‌ಡ್ರಾಫ್ಟ್ ಹತ್ತು. ಒಟ್ಟು ಹತ್ತೊಂಬತ್ತು. ಹಣ್ಣಿನ ಬೆಲೆ ಏರಿದ್ದರಿಂದ ವಾರಕ್ಕೆ ಐದಲ್ಲ, ಏಳು ಹೋಗುತ್ತಿದೆ ಎಂದು ನವೆಂಬರಿನ ಶೀಟಿನ ಪಕ್ಕ ಇಟ್ಟು ನೋಡಿದರೆ ಕಾಣುತ್ತದೆ. ಜನವರಿಯ ಮೊದಲ ಎರಡು ಶನಿವಾರಕ್ಕೆ ಹದಿನಾಲ್ಕು ಹೋಗಿರುತ್ತದೆ. ಉಳಿದದ್ದು ಐದು. ಈ ಶನಿವಾರಕ್ಕೆ ಬೇಕಾದದ್ದು ಏಳು.

ಅದೇ ಶೀಟಿನಲ್ಲಿ ಇನ್ನೊಂದು ಸಾಲು, ಬರಬೇಕಾದ ಬಾಕಿ ಹದಿನಾರು ಲಕ್ಷ. ಮೊದಲ ಲಾಟು ಮಾರಿದ್ದೇವೆ ಎಂದು ನೀನು ಬರೆದೆ, ಹಣ ಬಂತು ಎಂದು ಬರೆಯಲಿಲ್ಲ. ಮಳೆಯಲ್ಲಿ ಬಣ್ಣ ಕೆಟ್ಟದ್ದು ಆ ಲಾಟೇ ಇರಬೇಕು. ತೇವ ಜಾಸ್ತಿ ಇದೆ ಎಂದು ವ್ಯಾಪಾರಿ ಹಣ ತಡೆ ಹಿಡಿದಿದ್ದಾನೆ. ಹೌದೋ ಅಲ್ಲವೋ? ಆಪರೇಷನ್ ಆದವನಿಗೆ ಇದೆಲ್ಲ ಯಾಕೆ ಎಂದು ನೀನು ಮುಚ್ಚಿಟ್ಟಿದ್ದೀ. ನಿನಗೆ ಮುಚ್ಚಿಡುವ ಆಸೆಯಿದ್ದರೆ ನನಗೆ ಶೀಟು ಓದಲು ಕಲಿಸಬಾರದಿತ್ತು.

ಇನ್ನೊಂದು ಮಾತು ಶೀಟಿನಲ್ಲಿಲ್ಲ, ಆದರೆ ನನಗೆ ಗೊತ್ತು. ನೀನು ಈಗಾಗಲೇ ನಿನ್ನ ಬಳೆಗಳ ಮೇಲೆ ಕಣ್ಣಿಟ್ಟಿರುತ್ತೀ. ಬೇಡ. ನೀನು ಬೇರೆ, ಕಂಪನಿ ಬೇರೆ, ನೀನೇ ಬರೆದದ್ದು. ನಿನ್ನ ಬಳೆ ಕಂಪನಿಯ ಆಸ್ತಿಪಟ್ಟಿಯಲ್ಲಿಲ್ಲ. ಜೀಪು ಇದೆ.

ದರ್ಶನ್‌ಗೆ ಹೇಳಿ ಕಳಿಸಿ ಇಲ್ಲಿಗೇ ಕರೆಸಿದ್ದೆ. ನಾಲ್ಕು ಲಕ್ಷದ ಎಪ್ಪತ್ತೈದು ಸಾವಿರಕ್ಕೆ ಒಪ್ಪಿದ. ಕಂಪನಿಯ ಹೆಸರಿಗೆ ಹಣ ಹಾಕುತ್ತಾನೆ. ಗುರುವಾರ ಬಂದು ಜೀಪು ತೆಗೆದುಕೊಂಡು ಹೋಗುತ್ತಾನೆ. ಕಾಗದಪತ್ರಕ್ಕೆಲ್ಲ ಸಹಿ ಹಾಕಿದ್ದೇನೆ. ಎರಡನೇ ಗೇರಿಗೆ ಹಾಕುವಾಗ ಸ್ವಲ್ಪ ಕಾಯಬೇಕು ಎಂದು ಅವನಿಗೆ ನೆನಪಿನಿಂದ ಹೇಳು, ಹೇಳಲು ಮರೆತೆ.

ನನಗೆ ಬೇಸರವಿಲ್ಲ ಎಂದು ಬರೆದರೆ ನೀನೂ ನಂಬುವುದಿಲ್ಲ. ಬೇಸರವಿದೆ. ಆದರೆ ಬಟವಾಡೆ ತಪ್ಪಿದರೆ ಆಗುವ ಬೇಸರಕ್ಕಿಂತ ಇದು ಸಣ್ಣದು, ಅದನ್ನೂ ಲೆಕ್ಕ ಹಾಕಿಯೇ ಕಳಿಸುತ್ತಿದ್ದೇನೆ.

ಎಳ್ಳುಬೆಲ್ಲ ಇಟ್ಟಿದ್ದೇನೆ. ಎಲ್ಲರಿಗೂ ಹಂಚು.

ನಿನ್ನ ಮಾವ,
ರಂಗನಾಥ


ಬಣಕಲ್
19 ಜನವರಿ 2025

ಮಾವ,

ನೀವು ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ. ಅದೇ ಲಾಟು, ಅದೇ ಕಾರಣ. ಬಳೆಗಳನ್ನು ಶುಕ್ರವಾರ ಬ್ಯಾಂಕಿಗೆ ಒಯ್ಯುವುದೆಂದು ಬೀರುವಿನಿಂದ ತೆಗೆದು ಚೀಲದಲ್ಲಿಟ್ಟಿದ್ದೆ. ರಾಜೀವ್ ಅವರಿಗೂ ಹೇಳಿರಲಿಲ್ಲ. ನಿಮ್ಮ ಕಾಗದ ಓದಿ ಚೀಲ ಬಿಚ್ಚಿ ಮತ್ತೆ ಕೈಗೆ ಹಾಕಿಕೊಂಡೆ.

ಗುರುವಾರ ದರ್ಶನ್ ಬಂದರು. ಹಾರ ಬಾಡಿ ಇನ್ನೂ ಬಾನೆಟ್ಟಿನ ಮೇಲೇ ಇತ್ತು, ಅದನ್ನು ತೆಗೆಯಲು ಯಾರಿಗೂ ಮನಸ್ಸು ಬರಲಿಲ್ಲ. ಎರಡನೇ ಗೇರಿನ ವಿಷಯ ಹೇಳಿದೆ. ಅವರು ಹೊರಡುವ ಮುಂಚೆ ಒಂದು ಕೀಲಿಯನ್ನು ನನ್ನ ಕೈಗೆ ಕೊಟ್ಟು, "ಅಕ್ಕ, ಎರಡಿದ್ವಲ್ಲ, ಒಂದು ಗೌಡ್ರ ಹತ್ರನೇ ಇರ್ಲಿ. ಅವ್ರಿಗೆ ನೆನಪಾದಾಗ ಬಂದು ಓಡಿಸ್ಲಿ" ಎಂದರು. ಈ ಸಲ ತಳ್ಳದೆಯೇ ಸ್ಟಾರ್ಟ್ ಆಯಿತು. ಗೇಟು ದಾಟುವವರೆಗೂ ರಾಜೀವ್ ನೋಡುತ್ತಾ ನಿಂತಿದ್ದರು, ಆಮೇಲೆ ಮೆಣಸು ನೋಡಿ ಬರುತ್ತೇನೆಂದು ತೋಟಕ್ಕೆ ಹೋದರು. ನನಗೆ ಅಳು ಬಂತು ಮಾವ. ಬರಬಾರದು ಎಂದುಕೊಂಡಿದ್ದೆ, ಬಂತು.

ನಿನ್ನೆ ಶನಿವಾರ. ಕಟ್ಟೆಯ ಮೇಲೆ ಕೂತು ಹೆಸರು ಕರೆದೆ. ಎಲ್ಲರಿಗೂ ಪೂರ್ತಿ ಕೂಲಿ, ಹಣ್ಣು ತಂದ ಎಲ್ಲರಿಗೂ ಪೂರ್ತಿ ಹಣ. ಜೊತೆಗೆ ನಿಮ್ಮ ಎಳ್ಳುಬೆಲ್ಲ. ಕೊನೆಗೆ ಗುರುವಯ್ಯ ಬಂದರು. ಖಾಲಿಯಾದ ಜೀಪಿನ ಶೆಡ್ಡಿನ ಕಡೆ ನೋಡಿ, ಕೈಯಲ್ಲಿದ್ದ ಹಣ ನೋಡಿದರು. "ಗೌಡ್ರು ಬೇಗ ಬರ್ಲಿ ಅಂತ ಹೇಳಿ ಅಮ್ಮ" ಎಂದಷ್ಟೇ ಹೇಳಿ ಹೋದರು.

ವ್ಯಾಪಾರಿ ಬೆಲೆಯಲ್ಲಿ ಸ್ವಲ್ಪ ಕಡಿಮೆ ಮಾಡಿ ಈ ವಾರದೊಳಗೆ ಅರ್ಧ ಹಣ ಹಾಕುತ್ತೇನೆ ಎಂದಿದ್ದಾನೆ. ಮುಂದಿನ ಶನಿವಾರಕ್ಕೆ ಅದು ಸಾಕು.

ಒಂದು ಮಾತು ಬರೆಯಲೇಬೇಕು. ಡ್ರೈಯರ್ ಇದ್ದಿದ್ದರೆ ಆ ಲಾಟು ಕೆಡುತ್ತಿರಲಿಲ್ಲ, ಬಾಕಿಯೂ ನಿಲ್ಲುತ್ತಿರಲಿಲ್ಲವೋ ಏನೋ ಎಂದು ನನಗೆ ಹಲವು ಸಲ ಅನ್ನಿಸಿದೆ. ಬೇರೆ ಯಾರಾದರೂ ಆಗಿದ್ದರೆ ನಾನು ಹೇಳಿರಲಿಲ್ಲವೇ ಎನ್ನುತ್ತಿದ್ದರು. ನೀವು ಅನ್ನಲಿಲ್ಲ. ಮಲಗಿದಲ್ಲಿಂದಲೇ ಒಂದು ಹಾಳೆ ಓದಿ, ನಾನು ಹೇಳದ್ದನ್ನೂ ತಿಳಿದು, ನಿಮಗೆ ಅತ್ಯಂತ ಪ್ರೀತಿಯಾದದ್ದನ್ನು ಕೊಟ್ಟಿರಿ. ನನ್ನ ಅಪ್ಪನ ಮೇಲೆ ಇರುವಷ್ಟೇ ಗೌರವ ನಿಮ್ಮ ಮೇಲಿದೆ. ಎದುರಿಗೆ ಹೇಳಲು ನನಗೆ ಬರುತ್ತಿರಲಿಲ್ಲ, ಕಾಗದವಾದ್ದರಿಂದ ಬರೆದೆ.

ಧನ್ಯಾ


ಬಣಕಲ್
7 ಜೂನ್ 2025

ಮಾವನವರಿಗೆ ನಮಸ್ಕಾರ.

ಈ ವರ್ಷದ ಬ್ಯಾಲೆನ್ಸ್ ಶೀಟು ಸಿದ್ಧವಾಗಿದೆ, ಸಹಿಗೆ ಕಳಿಸಿದ್ದೇನೆ. ಎಲ್ಲಿಂದ ಓದಬೇಕೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬಾಕಿ ಎಲ್ಲ ವಸೂಲಾಗಿದೆ. ಓವರ್‌ಡ್ರಾಫ್ಟ್ ತೀರಿಸಿದ್ದೇವೆ.

ಡ್ರೈಯರಿಗೆ ಬ್ಯಾಂಕಿನವರು ಐದು ವರ್ಷದ ಸಾಲ ಕೊಡಲು ಒಪ್ಪಿದ್ದಾರೆ. ನಾವು ಹಾಕಬೇಕಾದ ಪಾಲನ್ನು ಈ ವರ್ಷದ ಲಾಭದಲ್ಲಿ ತೆಗೆದಿಟ್ಟಿದ್ದೇನೆ, ದುಡಿಯುವ ಹಣವನ್ನು ಮುಟ್ಟಿಲ್ಲ. ಮೋಹಿತ್ ಅವರು ನಿಮ್ಮ ಮುಂಗಡವನ್ನು ಮರೆತಿಲ್ಲ, ಹಳೆಯ ಬೆಲೆಗೇ ಕೊಡುತ್ತಾರಂತೆ. ಅಕ್ಟೋಬರಿನಲ್ಲಿ ಯಂತ್ರ ಬರುತ್ತದೆ. ಜಾಗ ಮಾಡಿಸಿದ್ದೇನೆ, ಜೀಪಿನ ಶೆಡ್ಡಿನಲ್ಲಿ.

ಆಸ್ತಿಪಟ್ಟಿಯಲ್ಲಿ ಜೀಪು ಈಗ ಇಲ್ಲ. ಆದರೆ ಲಾಭ ನಷ್ಟದ ಹಾಳೆಯಲ್ಲಿ ವಾಹನ ಮಾರಾಟದ ಲಾಭ ಎಂಬ ಸಾಲು ನೋಡಿ. ನಾಲ್ಕು ಲಕ್ಷದ ಅರವತ್ತಮೂರು ಸಾವಿರದ ಆರುನೂರು. ಹನ್ನೊಂದು ಸಾವಿರ ಎಂದು ಬರೆದವರೇ ಈ ಸಲ ಅದರ ಬೆಲೆಯನ್ನು ಒಪ್ಪಿಕೊಂಡು ಬರೆದಿದ್ದಾರೆ.

ಸಹಿ ಎಂದಿನಂತೆ ಎಡಗಡೆ ನಿಮ್ಮದು, ಬಲಗಡೆ ನನ್ನದು.

ನಿಮ್ಮ ಸೊಸೆ,
ಧನ್ಯಾ


ಬಣಕಲ್
14 ಜೂನ್ 2025

ಮಾವನವರಿಗೆ ನಮಸ್ಕಾರ.

ಶೀಟು ಧರ್ಮೇಶನ ಕೈಯಲ್ಲಿ ಬಂತು. ಅವಸರದಲ್ಲಿ ನೋಡಿಲ್ಲವೆಂದು ಕಾಣುತ್ತದೆ. ನಿಮ್ಮ ಸಹಿ ಬಲಗಡೆ, ನಿರ್ದೇಶಕರು ಎಂದು ಇರುವ ನನ್ನ ಜಾಗದಲ್ಲಿದೆ. ಎಡಗಡೆ ಅಧ್ಯಕ್ಷರ ಜಾಗದಲ್ಲಿ ಹಾಕಲು ಮರೆತಿದ್ದೀರಿ. ಹಾಗೇ ವಾಪಸು ಕಳಿಸುತ್ತಿದ್ದೇನೆ. ಆಡಿಟರು ಕಾಯುತ್ತಿದ್ದಾರೆ.

ಧನ್ಯಾ


ಚಿಕ್ಕಮಗಳೂರು
16 ಜೂನ್ 2025

ಧನ್ಯಾಳಿಗೆ ಆಶೀರ್ವಾದಗಳು.

ಮರೆತಿಲ್ಲ.

ಆ ಶೀಟನ್ನು ಮೂರು ದಿನ ಇಟ್ಟುಕೊಂಡು ಓದಿದ ಮೇಲೆಯೇ ಸಹಿ ಹಾಕಿದ್ದು. ಎಡಗಡೆ ಯಾರು ಸಹಿ ಹಾಕಬೇಕು ಎಂದು ಅದನ್ನು ಓದಲು ಬರುವ ಯಾರಿಗಾದರೂ ತಿಳಿಯುತ್ತದೆ. ನನಗೆ ಈಗ ಓದಲು ಬರುತ್ತದೆ. ಬೋರ್ಡ್ ಮೀಟಿಂಗಿನಲ್ಲಿ ಬರೆದುಕೊಳ್ಳಬೇಕಾದದ್ದನ್ನು ಆಡಿಟರಿಗೆ ಹೇಳಿ ಬರೆಸಿದ್ದೇನೆ. ರಾಜೀವನನ್ನು ಕೇಳಿದೆ. ಇದನ್ನು ಹೋದ ವರ್ಷವೇ ಮಾಡಬೇಕಿತ್ತು ಎಂದ. ಶೀಟನ್ನು ಮತ್ತೆ ಕಳಿಸುತ್ತಿದ್ದೇನೆ, ಇನ್ನು ವಾಪಸು ಮಾಡಬೇಡ.

ಎರಡು ಕಾಲೂ ಸರಿಯಾಗಿವೆ. ಈ ಶನಿವಾರ ನಾನೂ ನಿನ್ನ ಅತ್ತೆಯೂ ಊರಿಗೆ ಬರುತ್ತೇವೆ. ಜೀಪು ಕಳಿಸು ಎನ್ನುವ ಹಾಗಿಲ್ಲ, ಬಸ್ಸಿಗೇ ಬರುತ್ತೇವೆ. ನಾಲ್ಕು ಗಂಟೆಯ ಹೊತ್ತಿಗೆ ಬಣಕಲ್ ಸ್ಟ್ಯಾಂಡಿನ ಹತ್ತಿರ ರಾಜೀವ ಬಂದರೆ ಸಾಕು. ನೀನು ಬರಬೇಡ. ಆ ಹೊತ್ತಿಗೆ ನಿನಗೆ ಬಟವಾಡೆ ಇರುತ್ತದೆ.

ನಿನ್ನ ಮಾವ,
ರಂಗನಾಥ
ನಿರ್ದೇಶಕ